ಅಡಿಕೆ ಅನ್ನೋ ಮೂರಕ್ಷರ

ತೀರ್ಥಹಳ್ಳಿ ಕಡೆ ಈಗ ಅಡಿಕೆ ಸುಲಿತದ ಕಾಲ. ನಿನ್ನೆ ರಾತ್ರಿ ಜಗಲಿಯಲ್ಲಿ ಮೆಟ್ಟುಗತ್ತಿ ಮುಂದೆ ಕೂತಿದ್ದ ಅಕ್ಕ ಒಬ್ಬರು ಲೆಕ್ಕದ ಚೀಟಿ ಮೇಲೆ ಕಪ್ಪಾದ ಬೆರಳಿಟ್ಟು 'ಅ... ಡಿ... ಕೆ' ಅಂತ ಓದಿದರು. ಐವತ್ತು ದಾಟಿದ ವಯಸ್ಸು. 'ಸರಿ ಇದೆಯಾ ತಮ್ಮಾ?' ಅಂದರು. ನನಗೆ ಗಂಟಲು ಕಟ್ಟಿತು.

ಪಾವ್ಲೊ ಫ್ರೇರೆ ನೆನಪಾದರು. ಬ್ರೆಜಿಲ್‌ನವರು, ಕಾನೂನು ಓದಿಯೂ ಮೇಷ್ಟ್ರಾದವರು. 1963ರಲ್ಲಿ ಆಂಜಿಕೋಸ್ ಅನ್ನೋ ಊರಲ್ಲಿ ಸುಮಾರು 300 ಕೂಲಿಯವರಿಗೆ 40 ಗಂಟೆಯಲ್ಲಿ ಓದು ಕಲಿಸಲು ಹೊರಟರು. ಕಲಿಯುವವರ ಬದುಕಿನ ಪದವೇ ಅವರ ಪಾಠ. ಅವರ ಪೋರ್ಚುಗೀಸ್ ಭಾಷೆಯಲ್ಲಿ 'ತಿಜೋಲೊ' ಅಂದರೆ ಇಟ್ಟಿಗೆ. ಅದನ್ನು ತಿ-ಜೋ-ಲೊ ಅಂತ ಬಿಡಿಸಿ, ಮೊದಲ ಅಕ್ಷರದ ಸ್ವರ ಬದಲಿಸುತ್ತಾ ಹೋದರೆ ತ, ತೆ, ತಿ, ತೊ, ತು. ನಮ್ಮ ಕಾಗುಣಿತವೇ ಅಲ್ವಾ! ಮರುವರ್ಷವೇ ಸೇನೆ ಅಧಿಕಾರ ಹಿಡಿದು ಅವರನ್ನು ಜೈಲಿಗೆ ಹಾಕಿತು. ಆಮೇಲೆ 1980ರವರೆಗೆ ಪರದೇಶವಾಸ.

ಇವತ್ತು ಬೆಳಿಗ್ಗೆ ಆ ಅಕ್ಕ ಚೀಟಿಯ ಹಿಂದೆ ತಾವೇ 'ಕೆಲಸ' ಅಂತ ಬರೆದು ತೋರಿಸಿದರು.