ಮೇಲಿನ ದವಡೆ ಹಲ್ಲಿನ ಬೇರು ಮುರಿದಾಗ

ಹಲ್ಲು ಕೀಳುವಾಗ ಬೇರು ಮುರಿದರೆ ಅದು ಕಣ್ಣಿಗೆ ಕಾಣುವ ಮೊದಲೇ ಕೈಗೆ ತಿಳಿಯುತ್ತದೆ. ಕಳೆದ ತಿಂಗಳು ಐವತ್ತು ದಾಟಿದ ಮಹಿಳೆಯೊಬ್ಬರ ಮೇಲಿನ ದವಡೆ ಹಲ್ಲನ್ನು ತೆಗೆಯುತ್ತಿದ್ದಾಗ ಹಾಗೆಯೇ ಆಯಿತು. ಹಲ್ಲು ಬಂತು, ಅಂಗುಳದ ಕಡೆಯ ಬೇರಿನ ತುದಿ ಒಳಗೇ ಉಳಿಯಿತು.

ಈ ಹಲ್ಲಿಗೆ ಸಾಮಾನ್ಯವಾಗಿ 3 ಬೇರುಗಳಿದ್ದು, ಅವುಗಳ ಮೇಲ್ಗಡೆಯೇ ಸೈನಸ್ ಎಂಬ, ಮೂಗಿನೊಳಕ್ಕೆ ತೆರೆದುಕೊಳ್ಳುವ ಗಾಳಿಯ ಕೋಣೆ ಇರುತ್ತದೆ. ಎಷ್ಟೋ ಜನರಲ್ಲಿ ಇವೆರಡರ ನಡುವೆ ಇರುವುದು ತೀರ ತೆಳುವಾದ ಮೂಳೆ. ರಕ್ತದಲ್ಲಿ ಮುಳುಗಿದ ತುಂಡನ್ನು ಅಂದಾಜಿನ ಮೇಲೆ ಮೀಟಲು ಹೋದರೆ ಅದು ಸೈನಸ್ಸಿನೊಳಗೆ ಸರಿದುಬಿಡಬಹುದು. ಆದ್ದರಿಂದ ಆ ಕ್ಷಣದಲ್ಲಿ ಮೊದಲು ಕೈ ನಿಲ್ಲಿಸಬೇಕು. ನಾನು ಗಾಜ್ ಬಟ್ಟೆ ಒತ್ತಿಟ್ಟು, ಇನ್ನೊಂದು ಎಕ್ಸ್‌-ರೇ ತೆಗೆದು, "ಬೇರಿನ ತುದಿ ಮುರಿದು ಉಳಿದಿದೆ ಅಮ್ಮಾ, ತೆಗೆಯಲು ಇನ್ನಷ್ಟು ಹೊತ್ತು ಬೇಕು" ಎಂದೆ. "ನಿಧಾನವಾಗಿಯೇ ತೆಗೀರಿ ಡಾಕ್ಟ್ರೇ" ಎಂದರು.

ಕೀವು ಆಗಿರದ, ಕೆಲವೇ ಮಿಲಿಮೀಟರಿನ ತುದಿಯನ್ನು ತೆಗೆಯುವುದೇ ಹೆಚ್ಚು ಅಪಾಯವೆನಿಸಿದರೆ ಹಾಗೆಯೇ ಬಿಡಬಹುದು. ಆದರೆ ಬಿಟ್ಟ ವಿಷಯವನ್ನು ರೋಗಿಗೆ ಹೇಳಿ, ಚೀಟಿಯಲ್ಲಿ ಬರೆದುಕೊಡಬೇಕು. ಬಾಯಲ್ಲಿ ಬೇರು ಉಳಿದಿರುವುದೇ ಗೊತ್ತಿಲ್ಲದೆ ವರ್ಷಗಳ ನಂತರ ಬಾವು ಬಂದು ನನ್ನಲ್ಲಿಗೆ ಬಂದವರನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗಿದೆ. ಇವರ ಬೇರಿನ ತುದಿಯಲ್ಲಿ ಕೀವಿತ್ತು, ಬಿಡುವಂತಿರಲಿಲ್ಲ. ಬೇರುಗಳ ನಡುವಿನ ಮೂಳೆಯನ್ನು ಸ್ವಲ್ಪ ಕೊರೆದು ತೆಗೆದು, ತುಂಡನ್ನು ಪಕ್ಕಕ್ಕೆ ಸಡಿಲಿಸಿ ಹೊರತಂದೆ.

ಆಗ ಕುಳಿಯ ಆಳದ ರಕ್ತದಲ್ಲಿ, ಅವರು ಉಸಿರು ಬಿಟ್ಟಂತೆಲ್ಲ, ಸಣ್ಣ ಗುಳ್ಳೆಗಳು ಎದ್ದವು. ಸೈನಸ್ಸಿಗೆ ದಾರಿಯಾಗಿತ್ತು. ಖಚಿತಪಡಿಸಿಕೊಳ್ಳಲೆಂದು ಕಡ್ಡಿ ಹಾಕಿ ಕೆದಕಿದರೆ ತೂತು ದೊಡ್ಡದಾಗುತ್ತದೆ, ಹಾಗೆ ಮಾಡಬಾರದು. 2 ಮಿಲಿಮೀಟರಿಗಿಂತ ಚಿಕ್ಕದಾದರೆ ರಕ್ತ ಹೆಪ್ಪುಗಟ್ಟಿ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. 6 ಮೀರಿದರೆ ಪಕ್ಕದ ಒಸಡನ್ನು ಬಿಡಿಸಿ ಎಳೆದು ಮುಚ್ಚಬೇಕು. ಇದು ನಡುವಿನದು. ಕರಗುವ ಜೆಲಟಿನ್ ಸ್ಪಾಂಜ್ ಇಟ್ಟು, ಎಂಟರ ಆಕಾರದಲ್ಲಿ ಹೊಲಿಗೆ ಹಾಕಿದೆ.

ಎರಡು ವಾರ ಮೂಗು ಸೀಟಬಾರದು, ಸೀನು ಬಂದರೆ ತಡೆಯದೆ ಬಾಯಿ ತೆರೆದೇ ಸೀನಬೇಕು, ಎಳನೀರನ್ನೂ ಸ್ಟ್ರಾ ಹಾಕಿ ಹೀರದೆ ಲೋಟದಲ್ಲೇ ಕುಡಿಯಬೇಕು, ಕುಡಿದ ನೀರು ಮೂಗಿಗೆ ಬಂದರೆ ಅಂದೇ ಬರಬೇಕು ಎಂದು ಅವರ ಮಗನಿಗೂ ಕೇಳಿಸುವಂತೆ ಹೇಳಿದೆ. ಹೊಲಿಗೆ ಬಿಚ್ಚುವ ದಿನ ಒಂದು ಲೋಟ ನೀರು ಕೊಟ್ಟೆ; ಅವರು ನಿಧಾನವಾಗಿ ಪೂರ್ತಿ ಕುಡಿದು, ಮೂಗಿಗೆ ಏನೂ ಬರಲಿಲ್ಲವೆಂದು ತಲೆಯಾಡಿಸಿದರು.