ಹೊರೇಸ್ ಓದಿ ತೃಪ್ತಿ ಬಂತಾ?

ಇಲ್ಲ, ಬಂದಿಲ್ಲ. ಇದ್ದುದರಲ್ಲಿ ತೃಪ್ತಿಪಡಿ ಅಂದ, ಎರಡು ಸಾವಿರ ವರ್ಷ ಹಿಂದಿನ ಈ ರೋಮನ್ ಕವಿಯನ್ನು ನಾನು ಓದುತ್ತೇನೆ ಅಂತ ಗೊತ್ತಾದವರೆಲ್ಲ ಕೇಳುವ ಪ್ರಶ್ನೆಗೆ ಇಷ್ಟೇ ಉತ್ತರ. ಅವಸರವಿದ್ದವರು ಇಲ್ಲಿಂದಲೇ ಹೊರಡಬಹುದು.

ಮೈ ಉರಿಸುವುದು ಕೇಳುವ ಧಾಟಿ. ಕಷಾಯ ಕುಡಿದೆಯಲ್ಲ, ಕೆಮ್ಮು ಹೋಯ್ತಾ ಅಂದ ಹಾಗೆ. ಒಂದು ಗೃಹಪ್ರವೇಶದ ಊಟದಲ್ಲಿ ಮೂರನೇ ಹೋಳಿಗೆಗೆ ಎಲೆಯಲ್ಲಿ ಜಾಗ ಮಾಡುತ್ತಿದ್ದೆ. ಎದುರು ಪಂಕ್ತಿಯಿಂದ ಚಿಕ್ಕಪ್ಪ, "ಏನೋ, ನಿನ್ನ ರೋಮಿನವನು ಮಿತವಾಗಿ ತಿನ್ನು ಅಂತ ಹೇಳಿಲ್ವೇನೋ?" ಅಂದರು. ಪಂಕ್ತಿಯೇ ನಕ್ಕಿತು. ತುಪ್ಪ ಬಡಿಸುವವನು ನಗುತ್ತಾ ಮುಂದೆ ಹೋಗಿಬಿಟ್ಟ. ಒಣ ಹೋಳಿಗೆ ತಿಂದೆ.

ಹೇಳಿದ್ದಾನೆ, ಚಿಕ್ಕಪ್ಪ. ಎಲ್ಲಕ್ಕೂ ಒಂದು ಅಳತೆ ಇದೆ ಅಂದಿದ್ದಾನೆ. ಹೊಟ್ಟೆ ತುಂಬಿದ ಅತಿಥಿಯಂತೆ ಬದುಕಿನಿಂದ ಎದ್ದು ಹೋಗುವವರು ಅಪರೂಪ ಅಂದಿದ್ದಾನೆ. ಒಂದು ಲೋಟ ನೀರಿಗೆ ಒರತೆ ಬಿಟ್ಟು ದೊಡ್ಡ ಹೊಳೆಗೇ ಇಳಿಯುವವನನ್ನು ಔಫಿದಸ್ ದಡದ ಸಮೇತ ಕೊಚ್ಚಿಕೊಂಡು ಹೋಗುತ್ತದೆ ಅಂತಲೂ. ಔಫಿದಸ್ ಅವನ ಹುಟ್ಟೂರು ವೆನೂಸಿಯಾ ಕಡೆಯ ಹೊಳೆ.

ಹಾಗಾದರೆ ಅವನಿಗಾದರೂ ತೃಪ್ತಿ ಇತ್ತಾ? ಕ್ರಿ.ಪೂ. 30ರ ಸುಮಾರಿಗೆ ಬಂದ ಅವನ ವಿಡಂಬನೆಗಳ ಎರಡನೇ ಪುಸ್ತಕದಲ್ಲಿ ಅವನದೇ ಗುಲಾಮ ದಾವುಸ್ ಇದನ್ನೇ ಎತ್ತುತ್ತಾನೆ. ಡಿಸೆಂಬರಿನ ಸ್ಯಾಟರ್ನೇಲಿಯಾ ಹಬ್ಬ, ಗುಲಾಮರೂ ಬಾಯಿ ಬಿಡಬಹುದಾದ ದಿನ. ರೋಮಿನಲ್ಲಿದ್ದರೆ ನಿಮಗೆ ಹಳ್ಳಿ ಬೇಕು, ಹಳ್ಳಿಯಲ್ಲಿದ್ದರೆ ಪಟ್ಟಣವೇ ಸ್ವರ್ಗ, ಅನ್ನುತ್ತಾನೆ. ಯಾರೂ ಊಟಕ್ಕೆ ಕರೆಯದ ದಿನ ಮನೆಯ ಸೊಪ್ಪೇ ಪರಮಾನಂದ. ದೀಪ ಹಚ್ಚುವ ಹೊತ್ತಿಗೆ ಆಶ್ರಯದಾತ ಮೇಸೆನಾಸ್ ಕರೆದನೋ, ಎಣ್ಣೆ ಎಲ್ಲಿ, ಬೇಗ ತನ್ನಿರೋ ಅಂತ ಕೂಗಾಡಿಕೊಂಡು ಓಟ. ನಮ್ಮ ಚಿಕ್ಕಪ್ಪನಿಗೂ ಹೀಗೆ ಕುಟುಕಲು ಬಾರದು. ಇದನ್ನೆಲ್ಲ ಬರೆದಿಟ್ಟವನು ಕುಟುಕಿಸಿಕೊಂಡ ಹೊರೇಸನೇ.

ನೀವು ಕೇಳಬಹುದಾಗಿದ್ದ ಪ್ರಶ್ನೆ ಒಂದಿದೆ: ಹೊರೇಸನ ತೋಟದಲ್ಲಿ ದುಡಿದವರು ಯಾರು? ಒಂದಿಷ್ಟು ನೆಲ, ಮನೆ ಪಕ್ಕದಲ್ಲೇ ಬತ್ತದ ಒರತೆ, ಮೇಲೊಂದು ಚೂರು ಕಾಡು, ಇನ್ನೇನೂ ಬೇಡ ಅಂದನಲ್ಲ, ರೋಮಿನ ಹತ್ತಿರದ ಸಬೈನ್ ಗುಡ್ಡಗಳ ನಡುವಿನ ಆ ತೋಟ. ಅಂದವನ ಅಪ್ಪನೂ ಒಂದು ಕಾಲಕ್ಕೆ ಗುಲಾಮ, ಬಿಡುಗಡೆ ಪಡೆದವನು.

ದುಡಿದವರ ಲೆಕ್ಕ ಸಿಗುವುದು ದಾವುಸನ ಪದ್ಯದ ಕೊನೆಯಲ್ಲಿ. ಕೇಳಿ ಕೇಳಿ ರೇಗಿದ ಹೊರೇಸ್ ಮೊದಲು ಕಲ್ಲು ಹುಡುಕುತ್ತಾನೆ, ಆಮೇಲೆ ಬಾಣ. ಈಗಲೇ ತೊಲಗದಿದ್ದರೆ ಸಬೈನ್ ತೋಟಕ್ಕೆ ಒಂಬತ್ತನೇ ಆಳಾಗಿ ಹೋಗ್ತೀಯ ಅಂತ ಗದರುತ್ತಾನೆ. ಎಂಟು ಜನ ಆಗಲೇ ಅಲ್ಲಿದ್ದರು. ಪದ್ಯ ಅಲ್ಲಿಗೇ ನಿಲ್ಲುತ್ತದೆ. ದಾವುಸ್ ಏನೆಂದ ಅಂತ ಬರೆದಿಲ್ಲ.