ಗ್ರೌನ್ ಗೋಪುರದ ಮುಂದೆ ಅಪ್ಪ

ಆಗಸ್ಟ್ 13, 2025, ಬುಧವಾರ
ಗ್ಲುರ್ನ್ಸ್, ದಕ್ಷಿಣ ಟಿರೋಲ್

ಲಾಂಡೆಕ್‌ನಿಂದ ಹೊರಡುವಾಗ ಹಾಕಿಕೊಂಡ ಲೆಕ್ಕ ಹೀಗಿತ್ತು. ಗ್ರೌನ್‌ನಲ್ಲಿ ಕಾರು ನಿಲ್ಲಿಸಿ ಹತ್ತು ನಿಮಿಷ ಫೋಟೊ, ಆಮೇಲೆ ಸೀದಾ ಸ್ಟೆಲ್ವಿಯೊ ಘಾಟಿ. ಆದರೆ ಅಪ್ಪ ಗ್ರೌನ್ ಬಿಟ್ಟು ಏಳಲೇ ಇಲ್ಲ.

ಮ್ಯೂನಿಕ್‌ನಿಂದ ಇಲ್ಲಿವರೆಗೂ ಅಪ್ಪನಿಗೆ ಯಾವ ಬೆಟ್ಟವೂ ಹಿಡಿಸಿರಲಿಲ್ಲ. ಮಲೆನಾಡಿನ ಸಾಗರದ ಕಡೆಯವರಿಗೆ ಬೆಟ್ಟ ತೋರಿಸಿ ಮೆಚ್ಚಿಸೋದು ಕಷ್ಟ. "ಮರ ಕಮ್ಮಿ, ಕಲ್ಲು ಜಾಸ್ತಿ" ಎಂದು ಆಲ್ಪ್ಸ್ ಕಥೆ ಒಂದೇ ಮಾತಿನಲ್ಲಿ ಮುಗಿಸಿದ್ದರು. ರೆಶೆನ್ ಪಾಸ್ ದಾಟಿ ಇಟಲಿಗೆ ಬಂದಾಗಲೂ ಕಣ್ಣು ಮುಚ್ಚಿಕೊಂಡೇ ಇದ್ದರು. ಸ್ವಲ್ಪ ಮುಂದೆ ಬಲಗಡೆ ನೀರಿನೊಳಗಿಂದ ಎದ್ದು ನಿಂತ ಚರ್ಚಿನ ಗಂಟೆಗೋಪುರ ಕಂಡಿತು. "ಅಜ್ಜ, ನೋಡಿ ನೋಡಿ!" ಎಂದು ಮಗಳು ಕೂಗಿದಳು.

ದಡದಿಂದ ಗೋಪುರ ತೀರಾ ಹತ್ತಿರ. 14ನೇ ಶತಮಾನದ್ದು. ಕಲ್ಲಿನ ಗೋಡೆ, ಮೇಲೆ ಚೂಪು ಮಾಡು. ಸುತ್ತ ತಿಳಿ ಹಸಿರು ನೀರು, ಆಚೆ ಗಾಳಿಪಟ ಹಿಡಿದು ನೀರಿನ ಮೇಲೆ ಜಾರುವ ಹುಡುಗರು. ದಡದ ತುಂಬಾ ಸೆಲ್ಫಿ ಗದ್ದಲ. ನಾನು ಬೋರ್ಡ್ ಓದಿ ಹೇಳುತ್ತಾ ಹೋದೆ. ಇಲ್ಲಿ ಮೊದಲು ಎರಡು ಸಹಜ ಕೆರೆಗಳಿದ್ದವು. ಕರೆಂಟಿಗಾಗಿ ಅಣೆಕಟ್ಟು ಕಟ್ಟಿ 1950ರಲ್ಲಿ ಎರಡನ್ನೂ ಒಂದು ಮಾಡಿದರು. 163 ಮನೆಗಳು, 523 ಹೆಕ್ಟೇರ್ ಹೊಲ-ಹುಲ್ಲುಗಾವಲು ನೀರಿನಡಿ ಹೋದವು. ಮೊದಲನೇ ಮಹಾಯುದ್ಧ ಮುಗಿದ ಮೇಲೆ ಈ ಸೀಮೆ ಆಸ್ಟ್ರಿಯದಿಂದ ಇಟಲಿಗೆ ಹೋಗಿತ್ತು. ಊರಿನವರು ಆಡುತ್ತಿದ್ದದ್ದು ಜರ್ಮನ್, ಯೋಜನೆಯ ನೋಟಿಸ್ ಬಂದದ್ದು ಇಟಾಲಿಯನ್‌ನಲ್ಲಿ. ಪಾದ್ರಿ ರೋಮ್‌ಗೆ ಹೋಗಿ ಪೋಪ್ ಹತ್ತಿರವೂ ಹೇಳಿಕೊಂಡು ಬಂದರು. ಏನೂ ಆಗಲಿಲ್ಲ.

"ಮನೆ ಒಡೆದವರು ಯಾರು?" ಅಪ್ಪ ಕೇಳಿದರು.

"ಸಿಡಿಮದ್ದು ಇಟ್ಟು ಉಡಾಯಿಸಿದ್ರಂತೆ ಅಪ್ಪಾ."

"ನಮ್ಮಲ್ಲಿ ಹಂಚು ನಾವೇ ಇಳಿಸಿದ್ವಿ."

ಅಷ್ಟು ಹೇಳಿ ಅಲ್ಲೇ ಬೆಂಚಿನ ಮೇಲೆ ಕೂತರು. ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಕಟ್ಟುವಾಗ ಅಪ್ಪನಿಗೆ ಹತ್ತು ವರ್ಷ ಇರಬಹುದು. ಮುಳುಗಡೆಯ ವಿಷಯ ಮನೆಯಲ್ಲಿ ಎಷ್ಟೋ ಸಲ ಬಂದಿದೆ. ಆದರೆ ಹಕ್ಕುಪತ್ರ, ಅರ್ಜಿ, ಕಚೇರಿ ಇಷ್ಟೇ ಕೇಳಿದ್ದೆ. ಇವತ್ತು ಬೇರೆಯದು ಬಂತು. ಲಾರಿಯ ಮೇಲೆ ಬಾಗಿಲ ಚೌಕಟ್ಟು ಏರಿಸಿದ್ದು, ಒರಳುಕಲ್ಲು ಬಿಡಲೊಲ್ಲೆ ಎಂದು ಅಜ್ಜಿ ಅದರ ಪಕ್ಕದಲ್ಲೇ ಕೂತು ಬಂದದ್ದು, ಕಟ್ಟಿಹಾಕಿ ತಂದ ಎಮ್ಮೆ ಮೂರೇ ದಿನಕ್ಕೆ ಹಗ್ಗ ಕಿತ್ತುಕೊಂಡು ಹಳೆ ಊರಿನ ಕಡೆ ಓಡಿದ್ದು. ಫಸಲು ಬಿಟ್ಟಿದ್ದ ಅಡಿಕೆ ತೋಟವನ್ನು ಹಾಗೇ ನೀರಿಗೆ ಬಿಟ್ಟು ಬಂದರಂತೆ. ಈಗಲೂ ಬೇಸಿಗೆಯಲ್ಲಿ ಹಿನ್ನೀರು ಇಳಿದರೆ ಒಣಗಿದ ಬೊಡ್ಡೆಗಳು ಕಾಣುತ್ತವೆ. ಕಳೆದ ತಿಂಗಳು ಸಿಗಂದೂರಿಗೆ ಸೇತುವೆ ಆಯಿತಲ್ಲ, ಅದರ ಮೇಲೆ ಒಂದು ಸಲ ನಿಂತು ನೋಡಬೇಕು ಎಂದರು. ಲಾಂಚ್‌ಗೆ ಕಾದು ಕಾದು ಮುದುಕರಾದವರ ಆಸೆ ಅದು.

"ಇವರದ್ದು ಗೋಪುರವಾದರೂ ಉಳೀತು" ಎಂದರು ಅಮ್ಮ. ಹಳೆಯದು ಅಂತ ಅದನ್ನು ಕೆಡವಲಿಲ್ಲವಂತೆ. ಚಳಿಗಾಲದಲ್ಲಿ ಗಂಟೆ ಕೇಳಿಸುತ್ತದೆ ಎಂದು ಜನ ಕಥೆ ಕಟ್ಟಿದ್ದಾರೆ. ಗಂಟೆಗಳನ್ನು ಮುಳುಗಿಸುವ ಮೊದಲೇ ಇಳಿಸಿದ್ದರು ಎನ್ನುವುದು ಬೇರೆ ಮಾತು.

ಸ್ಟೆಲ್ವಿಯೊ ಬಗ್ಗೆ ಜಾಸ್ತಿ ಬರೆಯೋದಿಲ್ಲ. ಬೈಕಿನವರು ಇಂಟರ್ನೆಟ್ ತುಂಬಾ ಬರೆದಿದ್ದಾರೆ. 2,757 ಮೀಟರ್, ಪ್ರಾಡ್ ಕಡೆಯಿಂದ 48 ತಿರುವು. ಪ್ರತಿ ತಿರುವಿಗೂ ಒಂದು ನಂಬರ್, ಕೆಳಗಿನಿಂದ 48, 47 ಎಂದು ಇಳಿಯುತ್ತಾ ಹೋಗುತ್ತದೆ. ಮಗಳು ಒಂದನ್ನೂ ಬಿಡದೆ ಕೂಗಿದಳು. ಮೂವತ್ತರ ಹತ್ತಿರ ಬರುವಷ್ಟರಲ್ಲಿ ಅಮ್ಮ ನಿಂಬೆಹಣ್ಣು ಮೂಸಲು ಶುರು ಮಾಡಿದರು. ಸೈಕಲ್ ತುಳಿದುಕೊಂಡು ಹತ್ತುತ್ತಿದ್ದವರನ್ನು ನೋಡಿ, "ಇವರಿಗೆ ಮನೇಲಿ ಯಾರೂ ಬೈಯೋದಿಲ್ವಾ?" ಎಂದು ಕೇಳಿದರು. ಮೇಲೆ ಚಳಿ, ಗಾಳಿ, ಸಾಸೇಜ್ ಅಂಗಡಿಗಳ ಹೊಗೆ. ಇಳಿಯುವಾಗ ನಮ್ಮವರು ಎರಡನೇ ಗೇರ್ ಬಿಡಲಿಲ್ಲ. ಮುಂದಿದ್ದ ಯಾವುದೋ ಕಾರಿನ ಬ್ರೇಕ್ ಸುಟ್ಟ ವಾಸನೆ ಕೆಳಗಿನವರೆಗೂ ಜೊತೆಗೇ ಬಂತು.

ಸಂಜೆ ಗ್ಲುರ್ನ್ಸ್. ಇದನ್ನು ಪಟ್ಟಣ ಎನ್ನಬೇಕು, ಏಕೆಂದರೆ ಕಾಗದದಲ್ಲಿ ಪಟ್ಟಣವೇ. ಜನಸಂಖ್ಯೆ ಸಾವಿರವೂ ಇಲ್ಲ. 1499ರ ಯುದ್ಧದಲ್ಲಿ ಸುಟ್ಟುಹೋದ ಮೇಲೆ ಕಟ್ಟಿದ ಕೋಟೆಗೋಡೆ ಇವತ್ತಿಗೂ ಪೂರ್ತಿ ನಿಂತಿದೆ. ಮೂರು ಬಾಗಿಲು, ಒಳಗೆ ಹತ್ತು ನಿಮಿಷದಲ್ಲಿ ಮುಗಿಯುವ ಬೀದಿಗಳು. ಅಂಗಡಿಸಾಲಿನ ಕಮಾನುಗಳು ಎಷ್ಟು ತಗ್ಗು ಎಂದರೆ ನಮ್ಮವರು ತಲೆ ಬಗ್ಗಿಸಿಯೇ ನಡೆದರು. ನನಗೆ ಈ ಪ್ರವಾಸದಲ್ಲಿ ತುಂಬಾ ಇಷ್ಟವಾದ ಊರು ಇದು. ಯಾರೂ ನಮಗಾಗಿ ಸಿಂಗಾರ ಮಾಡಿಕೊಂಡು ನಿಂತಂತಿಲ್ಲ. ಕಮಾನಿನ ಕೆಳಗೇ ಯಾರದೋ ಒಗೆದ ಬಟ್ಟೆ ಒಣಗುತ್ತಿತ್ತು. ಅಮ್ಮ ಒಂದು ಕಿಲೊ ಏಪ್ರಿಕಾಟ್ ಕೊಂಡರು, ಕೈಸನ್ನೆಯಲ್ಲೇ ಚೌಕಾಸಿ ಮಾಡಿ. ಕಡಿಮೆ ಆಗಲಿಲ್ಲ, ಆದರೆ ಅಂಗಡಿಯಾಕೆ ಮೇಲೆ ಎರಡು ಹಣ್ಣು ಹಾಕಿದಳು.

ನಾಳೆ ಬೊಲ್ಜಾನೊ. ಹಿಮದಲ್ಲಿ 1991ರಲ್ಲಿ ಸಿಕ್ಕ, 5,300 ವರ್ಷ ಹಿಂದಿನ ಮನುಷ್ಯ ಓಟ್ಸಿ ಅಲ್ಲಿನ ಮ್ಯೂಸಿಯಂನಲ್ಲಿದ್ದಾನೆ. ಮಗಳು ಈಗಿನಿಂದಲೇ ಕುಣಿಯುತ್ತಿದ್ದಾಳೆ. ಅಮ್ಮ ಮಾತ್ರ ಖಡಾಖಂಡಿತ: "ದುಡ್ಡು ಕೊಟ್ಟು ಹೆಣ ನೋಡೋಕೆ ನಾನು ಬರಲ್ಲ. ಹೊರಗೆ ಕೂತಿರ್ತೀನಿ, ನೀವು ಹೋಗಿ ಬನ್ನಿ."